ಗಂಜಾಂನಲ್ಲಿ ದೊಡ್ಡಸ್ವಾಮಿಯವರ ಚರ್ಚು

  ಶ್ರೀರಂಗಪಟ್ಟಣಕ್ಕೆ ಇಟಲಿಯ ನಂಟೂ ಇದೆ. 1649ರ ಸುಮಾರಿಗೆ ಇಲ್ಲಿಗೆ ಬಂದ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಇಟಲಿಯವರು. ಕನ್ನಡ ಕಲಿತು, ಅದಕ್ಕೆ ವ್ಯಾಕರಣ, ಪದಕೋಶ ಬರೆದವರು. ಮೈಸೂರು ಸೀಮೆಯ ಕ್ರೈಸ್ತ ಮಿಷನ್ನಿಗೆ ಬುನಾದಿ ಹಾಕಿದವರೂ ಅವರೇ.

ಟಿಪ್ಪು ಕಾಲದಲ್ಲಿ ಚೆದುರಿದ್ದ ಇಲ್ಲಿನ ಕ್ರೈಸ್ತರನ್ನು 1799ರ ನಂತರ ಮತ್ತೆ ಒಟ್ಟುಗೂಡಿಸಿದವರು ಫ್ರಾನ್ಸಿನ ಆಬೆ ದುಬ್ವಾ. ಶಿರಾದಿಂದ ಕುಟುಂಬಗಳನ್ನು ತಂದು ಟಿಪ್ಪು ನೆಲೆಗೊಳಿಸಿದ ಗಂಜಾಂನಲ್ಲೇ ಅವರ ಚರ್ಚು ಎದ್ದಿತು. ಕಟ್ಟಡ ಚಿಕ್ಕದು, ಕಟ್ಟಿದವರ ಬದುಕು ದೊಡ್ಡದು.

ದುಬ್ವಾ ಪೇಟ ಸುತ್ತಿ, ನಿಲುವಂಗಿ ತೊಟ್ಟು, ಮಾಂಸ ಬಿಟ್ಟು ಇಲ್ಲಿಯವರಂತೆ ಬಾಳಿದರು. ಜನ ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆದರು. ಹಿಂದೂ ಆಚಾರ ವಿಚಾರಗಳ ಬಗ್ಗೆ ಅವರ ಹೆಸರಿನಲ್ಲಿ ಬಂದ ಪುಸ್ತಕದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿಯೇ ಕೊಂಡಿತು. ಅದರ ಬಹುಪಾಲು ಕುರ್ಡೂ ಎಂಬ ಹಿಂದಿನ ಜೆಸ್ವಿಟರ ಬರಹದಿಂದ ಎತ್ತಿಕೊಂಡದ್ದೆಂದು ವಿದ್ವಾಂಸರು ಆಮೇಲೆ ತೋರಿಸಿಕೊಟ್ಟಿದ್ದಾರೆ. ಹಾಗಾಗಿ ನನಗೆ ಆ ಪುಸ್ತಕಕ್ಕಿಂತ ಅವರು ಸಿಡುಬಿಗೆ ಹಾಕಿಸಿದ ದೇವಿ ಚುಚ್ಚುಮದ್ದೇ ಹೆಚ್ಚಿನದು. ಆ ಮದ್ದು ಭಾರತಕ್ಕೆ ಬಂದದ್ದು 1802ರಲ್ಲಿ. ಮರುವರ್ಷವೇ ಅವರು ಈ ಸೀಮೆಯಲ್ಲಿ ಅದನ್ನು ಹಾಕಿಸಲು ನಿಂತರು. ಹಸುವಿನ ಸಿಡುಬಿನಿಂದ ಬಂದ ಮದ್ದು, ಹೇಳುವವನು ಪರದೇಶಿ. ಆದರೂ 1803–04ರಲ್ಲಿ 25,000ಕ್ಕೂ ಹೆಚ್ಚು ಜನ ಅವರ ಮಾತು ನಂಬಿ ತೋಳು ಚಾಚಿದರು. ಹಾಸನದ ಬಳಿ ಸಾತಹಳ್ಳಿಯಲ್ಲಿ ಕ್ರೈಸ್ತ ರೈತರಿಗೆ ಊರನ್ನೂ ನಿಲ್ಲಿಸಿದರು.

ದುಬ್ವಾ 1823ರಲ್ಲಿ ಭಾರತ ಬಿಟ್ಟು, 1848ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡರು.

ದರಿಯಾ ದೌಲತ್, ಗುಂಬಜ್ ನೋಡಿ ನಿಮಿಷಾಂಬೆಯ ದರ್ಶನಕ್ಕೆ ಹೊರಟವರು ಗಂಜಾಂನಲ್ಲಿ ಈ ಚರ್ಚನ್ನು ದಾಟಿ ಹೋಗಿಬಿಡುತ್ತಾರೆ. ದಯವಿಟ್ಟು ಹಾಗೆ ಹೋಗಬೇಡಿ. ಪೂಜೆ ನಡೆಯುತ್ತಿದ್ದರೆ ಮುಗಿಯುವವರೆಗೆ ಕಾಯಿರಿ, ಕೇಳದೆ ಫೋಟೊ ತೆಗೆಯಬೇಡಿ. ಮಕ್ಕಳು ಜೊತೆಗಿದ್ದರೆ ಚುಚ್ಚುಮದ್ದಿನ ಕಥೆಯನ್ನು ಅಲ್ಲಿಯೇ ನಿಂತು ಹೇಳಿ.