ಒಂದೇ ಒಂದು ಡಬ್ಬಿ: ಪೊಕೆಮಾನ್‌ನಲ್ಲಿ ಹೆಲ್ಡ್ ಐಟಂ ಹೇಗೆ ಕೆಲಸ ಮಾಡ್ತದೆ

ಪೊಕೆಮಾನ್ ಅಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗೋದು ಸ್ಕೂಲಿಂದ ಬಂದು ಟಿವಿ ಮುಂದೆ ಕೂತು ನೋಡಿದ ಪಿಕಾಚು. ಗೇಮ್ ಬೇರೆಯೇ ಲೋಕ. ಅದರ ಅಸಲಿ ಕನ್ಸೋಲ್‌ನ ಬಸವಕಲ್ಯಾಣ, ಹುಮನಾಬಾದ್ ಕಡೆ ನಾನಂತೂ ಯಾರ ಮನೇಲೂ ನೋಡಿಲ್ಲ. ಆದ್ರೆ ಪೊಕೆಮಾನ್ ಶೋಡೌನ್ ಅನ್ನೋ ಓಪನ್ ಸೋರ್ಸ್ ಸಿಮ್ಯುಲೇಟರ್ ಬ್ರೌಸರ್‌ನಲ್ಲೇ ಓಡ್ತದೆ. ದುಡ್ಡು ಬೇಡ, ಸಾದಾ ಫೋನ್ ಸಾಕು. ಹುಮನಾಬಾದಿನಿಂದ ದಿನಾ ಬಸ್ಸಿಗೆ ಬರೋ ನನ್ನ ಗೆಳೆಯ ದಾರಿಯುದ್ದಕ್ಕೂ ಅದನ್ನೇ ಆಡ್ತಾನೆ. ಟೀಮ್‌ನಲ್ಲಿ ಆರೂ ಭಾರಿ ಪೊಕೆಮಾನ್‌ಗಳು, ಆದ್ರೂ ಸೋಲೋದೇ ಹೆಚ್ಚು. ಹಾಸ್ಟೆಲ್ ಹುಡುಗರ ಹತ್ರ ಸಾಲಾಗಿ ಸೋತ ಮೇಲೆ ಆಟವನ್ನೇ ಬಿಡ್ತೀನಿ ಅಂತ ಕೂತಿದ್ದ. ಟೀಮ್ ತೆಗೆದು ನೋಡಿದ್ರೆ ಆರಕ್ಕೂ ಐಟಂ ಡಬ್ಬಿ ಖಾಲಿ. "ಅದ್ರಾಗೇನದ ದೋಸ್ತ, ಪೊಕೆಮಾನ್ ಸ್ಟ್ರಾಂಗ್ ಇದ್ರ ಸಾಕು" ಅಂದ. ಸಾಕಾಗಲ್ಲ. ಯಾಕಂತ ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೀತಿದೀನಿ.

ನಿಯಮ ಸರಳ. ಪ್ರತಿ ಪೊಕೆಮಾನ್‌ಗೆ ನಾಲ್ಕು ಮೂವ್, ಒಂದೇ ಒಂದು ಐಟಂ. ಇನ್ನೊಬ್ಬ ಆಟಗಾರನ ಜೊತೆ ಆಡುವಾಗ ಬ್ಯಾಗ್‌ನಿಂದ ಔಷಧಿ ತೆಗೆದು ಹಾಕೋಕೆ ಬರಲ್ಲ. ಕೈಯಲ್ಲಿ ಹಿಡಿದು ಬಂದದ್ದೇ ಆಸ್ತಿ.

1996ರಲ್ಲಿ ಜಪಾನ್‌ನಲ್ಲಿ ಬಂದ ರೆಡ್ ಮತ್ತು ಗ್ರೀನ್ ಗೇಮ್‌ಗಳಲ್ಲಿ ಈ ಡಬ್ಬಿಯೇ ಇರಲಿಲ್ಲ. ಅದು ಬಂದದ್ದು 1999ರ ಗೋಲ್ಡ್ ಮತ್ತು ಸಿಲ್ವರ್‌ನಲ್ಲಿ. ಹಳೇ ಗೇಮಿನ ಪೊಕೆಮಾನ್‌ಗಳನ್ನ ಹೊಸದಕ್ಕೆ ಕಳಿಸೋ ಸೌಲಭ್ಯ ಬೇರೆ ಕೊಡಬೇಕಿತ್ತು. ಆಗ ಅವರು ಮಾಡಿದ ಕೆಲಸ ನಮ್ಮಂಥವರಿಗೆ ಹಬ್ಬ. ಹಳೇ ಡೇಟಾದಲ್ಲಿ ಒಂದು ಬೈಟ್ ಕ್ಯಾಚ್ ರೇಟ್‌ಗೆ, ಅಂದ್ರೆ ಆ ಪೊಕೆಮಾನ್‌ನ ಹಿಡಿಯೋದು ಎಷ್ಟು ಸುಲಭ ಅನ್ನೋ ಸಂಖ್ಯೆಗೆ ಮೀಸಲಿತ್ತು. ಹಿಡಿದಾದ ಮೇಲೆ ಅದಕ್ಕೆ ಏನು ಕೆಲಸ? ಹೊಸ ಗೇಮ್ ಅದೇ ಬೈಟನ್ನ ಐಟಂ ನಂಬರ್ ಅಂತ ಓದ್ತು. ಸಿ ಲ್ಯಾಂಗ್ವೇಜ್‌ನಲ್ಲಿ ಯೂನಿಯನ್ ಓದಿದವರಿಗೆ ಇದು ಥಟ್ಟಂತ ಹೊಳೀಬೇಕು. 1998ರ ಯೆಲ್ಲೋ ಗೇಮಿನ ಪಿಕಾಚುವಿನ ಆ ಬೈಟ್‌ನಲ್ಲಿ 163 ಇತ್ತು. ಗೋಲ್ಡ್‌ನಲ್ಲಿ 163 ಅಂದ್ರೆ ಲೈಟ್ ಬಾಲ್, ಪಿಕಾಚುವಿಗೆ ಮಾತ್ರ ಲಾಭ ಕೊಡೋ ಐಟಂ! ಸ್ನಾರ್ಲ್ಯಾಕ್ಸ್‌ನ ಕ್ಯಾಚ್ ರೇಟ್ 25. ಆ ನಂಬರಿಗೆ ಐಟಂ ಇರಲಿಲ್ಲ, ಹಾಗಾಗಿ ಗೇಮ್ ಅದನ್ನ ಲೆಫ್ಟ್‌ಓವರ್ಸ್ ಅಂತ ಬದಲಿಸ್ತದೆ. ಹೊಟ್ಟೆಬಾಕನ ಕೈಗೆ ಉಳಿದ ಊಟ.

ಲೆಫ್ಟ್‌ಓವರ್ಸ್ ಪ್ರತಿ ಟರ್ನ್ ಕೊನೆಗೆ ಒಟ್ಟು ಎಚ್‌ಪಿಯ 1/16 ಭಾಗ ವಾಪಸ್ ಕೊಡ್ತದೆ. ಕಡಿಮೆ ಅನಿಸ್ತದೆ, ಆದ್ರೆ ಎಂಟು ಟರ್ನ್ ನಿಂತ್ರೆ ಅರ್ಧ ಜೀವ. ಫೋಕಸ್ ಸ್ಯಾಶ್ ಒಂದೇ ಸಲ ಕೆಲಸಕ್ಕೆ ಬರ್ತದೆ: ಎಚ್‌ಪಿ ಪೂರ್ತಿ ಇದ್ದಾಗ ಒಂದೇ ಏಟಿಗೆ ಸಾಯಬೇಕಾದದ್ದು 1 ಎಚ್‌ಪಿಯಲ್ಲಿ ಉಳೀತದೆ. ಎದುರಾಳಿ ಮೊದಲೇ ಸ್ಟೆಲ್ತ್ ರಾಕ್ ಹಾಸಿಟ್ಟಿದ್ರೆ ಒಳಗೆ ಬರುವಾಗಲೇ ಸ್ವಲ್ಪ ಗಾಯ ಆಗ್ತದೆ, ಸ್ಯಾಶ್ ದಂಡ. ಲೈಫ್ ಆರ್ಬ್ ಏಟಿನ ಬಲ 30% ಏರಿಸ್ತದೆ, ಹೊಡೆದಾಗಲೆಲ್ಲ ನಮ್ಮದೇ ಎಚ್‌ಪಿಯ ಹತ್ತನೇ ಒಂದು ಭಾಗ ತಿಂತದೆ. ಬಲವಾದ ಐಟಂ ಹೆಚ್ಚಿನವು ಹಿಂಗೇ, ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ಕಸಿಯೋವು.

ಇದಕ್ಕೆ ಒಳ್ಳೇ ಉದಾಹರಣೆ ಚಾಯ್ಸ್ ಸ್ಕಾರ್ಫ್. ಲೆವೆಲ್ 50ರಲ್ಲಿ ಗಾರ್ಚೊಂಪ್‌ನ ಗರಿಷ್ಠ ಸ್ಪೀಡ್ 169, ಡ್ರ್ಯಾಗಪಲ್ಟ್‌ನದು 213. ಎರಡೂ ಡ್ರ್ಯಾಗನ್ ಜಾತಿ. ಡ್ರ್ಯಾಗನ್ ಏಟು ಡ್ರ್ಯಾಗನ್‌ಗೆ ದುಪ್ಪಟ್ಟು ಬೀಳ್ತದೆ, ಹಾಗಾಗಿ ಮೊದಲು ಹೊಡೆದವರದ್ದೇ ಆಟ. ಸ್ಕಾರ್ಫ್ ಹಾಕಿದ್ರೆ ಗಾರ್ಚೊಂಪ್‌ನ 169 ಒಂದೂವರೆ ಪಟ್ಟಾಗಿ 253. ಡ್ರ್ಯಾಗಪಲ್ಟ್ ಆಟಗಾರ ತಾನೇ ಮೊದಲು ಅಂದುಕೊಂಡಿರ್ತಾನೆ, ಏಟು ಬಿದ್ದ ಮೇಲೆ ಗೊತ್ತಾಗ್ತದೆ. ಆದ್ರೆ ಮೊದಲು ಯಾವ ಮೂವ್ ಒತ್ತಿದ್ರೋ, ವಾಪಸ್ ಕರೆಸ್ಕೊಳ್ಳೋವರೆಗೂ ಅದೊಂದೇ. ಹುಮನಾಬಾದ್‌ನಿಂದ ಕಲ್ಯಾಣಕ್ಕೆ ನಾನ್‌ಸ್ಟಾಪ್ ಬಸ್ ಹತ್ತಿದಂಗೆ. ಜಲ್ದಿ ಮುಟ್ತೀರಿ, ನಡುವೆ ರಾಜೇಶ್ವರದಾಗ ಇಳೀಬೇಕು ಅಂದ್ರೆ ಕಂಡಕ್ಟರ್ ನಿಮ್ಮ ಮುಖ ನೋಡ್ತಾನೆ ಅಷ್ಟೆ.

ನನಗೆ ಎಲ್ಲಕ್ಕಿಂತ ಇಷ್ಟ 2010ರ ಬ್ಲ್ಯಾಕ್ ಮತ್ತು ವೈಟ್‌ನಲ್ಲಿ ಬಂದ ಎವಿಯೊಲೈಟ್. ಇನ್ನೂ ಎವಾಲ್ವ್ ಆಗೋದು ಬಾಕಿ ಇರೋ ಪೊಕೆಮಾನ್ ಇದನ್ನ ಹಿಡಿದ್ರೆ ಡಿಫೆನ್ಸ್, ಸ್ಪೆಷಲ್ ಡಿಫೆನ್ಸ್ ಎರಡೂ ಒಂದೂವರೆ ಪಟ್ಟು. ಬ್ಲಿಸ್ಸಿ ಅನ್ನೋದು ಚಾನ್ಸಿಯ ದೊಡ್ಡ ರೂಪ, ಹಾಗಾಗಿ ಬ್ಲಿಸ್ಸಿಯೇ ಗಟ್ಟಿ ಅಂತ ನನ್ನ ಗೆಳೆಯ ಕಣ್ಣು ಮುಚ್ಚಿ ಅದನ್ನೇ ಇಟ್ಟಿದ್ದ. ಲೆಕ್ಕ ಮಾಡಿ ನೋಡೋಣ. ಲೆವೆಲ್ 50, ಟ್ರೇನಿಂಗ್ ಏನೂ ಕೊಟ್ಟಿಲ್ಲ ಅಂತ ಇಟ್ಕೊಳ್ಳಿ. ಬ್ಲಿಸ್ಸಿಯ ಸ್ಪೆಷಲ್ ಡಿಫೆನ್ಸ್ 155, ಚಾನ್ಸಿಯದು 125. ಎವಿಯೊಲೈಟ್ ಕೊಟ್ಟ ಮೇಲೆ ಚಾನ್ಸಿ 187. ಡಿಫೆನ್ಸ್‌ನಲ್ಲೂ ಬ್ಲಿಸ್ಸಿ 30, ಚಾನ್ಸಿ 25ರಿಂದ 37. ಎಚ್‌ಪಿ ಇಬ್ಬರದ್ದೂ ಹೆಚ್ಚುಕಮ್ಮಿ ಒಂದೇ. ಚಿಕ್ಕದೇ ಗೆದ್ದಿತು! ಆದ್ರೆ ಅದೇ ಜಾಗದಲ್ಲಿ ಬ್ಲಿಸ್ಸಿ ಲೆಫ್ಟ್‌ಓವರ್ಸ್ ಹಿಡೀಬಹುದು, ಚಾನ್ಸಿಗೆ ಆ ಭಾಗ್ಯ ಇಲ್ಲ. ಡಬ್ಬಿ ಒಂದೇ ಅಲ್ವಾ.

ಇನ್ನೊಂದು ಅಪಾಯ ಅದೆ. ನಾಕ್ ಆಫ್ ಅನ್ನೋ ಮೂವ್ ಐಟಂ ಕೆಡವಿಬಿಡ್ತದೆ. ಎವಿಯೊಲೈಟ್ ಹೋದ ಚಾನ್ಸಿ ಮತ್ತೆ ಹಳೇ 125, 25. 2013ರ ಎಕ್ಸ್ ಮತ್ತು ವೈ ನಂತರ, ಎದುರಿಗಿದ್ದವರ ಕೈಯಲ್ಲಿ ಐಟಂ ಇದ್ರೆ ನಾಕ್ ಆಫ್ ಏಟೂ ಒಂದೂವರೆ ಪಟ್ಟು ಬೀಳ್ತದೆ. ಟ್ರಿಕ್ ಇನ್ನೂ ಖತರ್ನಾಕ್, ಎರಡೂ ಕಡೆಯ ಐಟಂ ಅದಲು ಬದಲು. ನಿಮ್ಮ ಸ್ಕಾರ್ಫ್‌ನ ಚಾನ್ಸಿ ಕೊರಳಿಗೆ ಕಟ್ಟಿದ್ರೆ ಅದು ಒಂದೇ ಮೂವ್‌ಗೆ ಸಿಕ್ಕಿಹಾಕ್ಕೊಳ್ತದೆ, ಎವಿಯೊಲೈಟೂ ಹೋಯ್ತು.

ಹಾಗಾದ್ರೆ ಖಾಲಿ ಡಬ್ಬಿ ಯಾವಾಗ್ಲೂ ತಪ್ಪಾ? ಇಲ್ಲ. ಆಕ್ರೋಬ್ಯಾಟಿಕ್ಸ್ ಅನ್ನೋ ಮೂವ್‌ನ ಬಲ 55. ಕೈಯಲ್ಲಿ ಐಟಂ ಇಲ್ಲದಿದ್ರೆ 110. ಅನ್‌ಬರ್ಡನ್ ಅನ್ನೋ ಗುಣ ಇರೋ ಪೊಕೆಮಾನ್‌ಗೆ ಐಟಂ ಖರ್ಚಾದ ಕೂಡಲೇ ಸ್ಪೀಡ್ ದುಪ್ಪಟ್ಟು. ಬೇಕಂತಲೇ ಖಾಲಿ ಇಟ್ಟದ್ದಕ್ಕೂ ಮರೆತು ಖಾಲಿ ಬಿಟ್ಟದ್ದಕ್ಕೂ ಭೂಮಿ ಆಕಾಶದ ಫರಕ್.

ಅಧಿಕೃತ ಚಾಂಪಿಯನ್‌ಶಿಪ್‌ಗಳಲ್ಲಿ ಐಟಂ ಕ್ಲಾಸ್ ಅಂತ ನಿಯಮ ಅದೆ: ಒಂದೇ ಟೀಮ್‌ನಲ್ಲಿ ಇಬ್ಬರು ಒಂದೇ ಐಟಂ ಹಿಡಿಯೋ ಹಾಗಿಲ್ಲ. ಆರು ಜನಕ್ಕೆ ಆರು ಬೇರೆ ಬೇರೆ ಐಟಂ ಹಂಚಬೇಕು, ಯಾರಿಗೆ ಕೊಟ್ರೆ ಯಾರಿಗೆ ಇಲ್ಲ ಅನ್ನೋದೇ ತಲೆನೋವು. 2014ರಲ್ಲಿ ವಾಷಿಂಗ್ಟನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ ಗೆದ್ದ ದಕ್ಷಿಣ ಕೊರಿಯಾದ ಸೇಜುನ್ ಪಾರ್ಕ್ ತನ್ನ ಟೀಮ್‌ನಲ್ಲಿ ಪಚಿರಿಸು ಇಟ್ಟಿದ್ದ. ಅದು ಪುಟಾಣಿ ಅಳಿಲು, ಯಾರೂ ಲೆಕ್ಕಕ್ಕೆ ಹಿಡಿಯದ ಪೊಕೆಮಾನ್. ಅದರ ಕೆಲಸ ಎದುರಾಳಿಯ ಏಟುಗಳನ್ನ ತನ್ನ ಮೇಲೆ ಎಳ್ಕೊಂಡು ಪಕ್ಕದವರನ್ನ ಉಳಿಸೋದು. ಅದಕ್ಕೆ ಕೊಟ್ಟದ್ದು ಸಿಟ್ರಸ್ ಬೆರ್ರಿ, ಎಚ್‌ಪಿ ಅರ್ಧಕ್ಕಿಳಿದಾಗ ಕಾಲು ಭಾಗ ವಾಪಸ್ ಕೊಡೋ ಹಣ್ಣು.