ಕೊಚಿನ್ ಕೋಳಿ: ಕೊಳ್ಳುವ ಮೊದಲು, ಮರಿ ಮಾಡಿಸುವ ಮೊದಲು



ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಭಾನುವಾರ ಬಲಿಪೂಜೆಯ ನಂತರ ನಮ್ಮ ಧರ್ಮಕೇಂದ್ರದ ಒಬ್ಬ ತಾಯಿ ಮಗನನ್ನು ಕರೆದುಕೊಂಡು ಗುರುನಿವಾಸಕ್ಕೆ ಬಂದರು. ಸ್ವಸಹಾಯ ಗುಂಪಿನಲ್ಲಿ ಸಾಲ ತೆಗೆದು, ಫೋನಿನಲ್ಲಿ ಬಂದ ಚಿತ್ರ ನೋಡಿ, ದೂರದ ಊರಿನಿಂದ ಒಂದು ಕೊಚಿನ್ ಹುಂಜ ಮತ್ತು ಎರಡು ಹೇಂಟೆಗಳನ್ನು ಅವರು ತರಿಸಿದ್ದರು. ಮರಿ ಮಾರಿ ಸಾಲ ತೀರಿಸುವುದು, ಉಳಿದದ್ದರಲ್ಲಿ ಮಗನ ಕಾಲೇಜಿನ ಫೀಸು ಕಟ್ಟುವುದು ಅವರ ಲೆಕ್ಕವಾಗಿತ್ತು. ಆದರೆ ಕಾವಿಗಿಟ್ಟ 14 ಮೊಟ್ಟೆಗಳಲ್ಲಿ ಹೊರಬಂದದ್ದು ಮೂರೇ ಮರಿ. ಆ ಮೂರರಲ್ಲಿ ಒಂದರ ಕಾಲು ಬೋಳು, ಇನ್ನೊಂದರ ಜುಟ್ಟು ಬೇರೆ ತರಹ. “ಫಾದರ್, ಮರಿ ಕೊಳ್ಳಲು ಬಂದವರು ಇದು ಕೊಚಿನ್ ಅಲ್ಲ ಎಂದು ಹೇಳಿ ಹೋದರು. ನಮಗೆ ಮೋಸ ಆಯಿತಾ?” ಎಂದು ಆ ತಾಯಿ ಕೇಳಿದರು.

ಸೆಮಿನರಿಯ ದಿನಗಳಲ್ಲಿ ಕೋಳಿಗೂಡಿನ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಅಂದಿನಿಂದ ಕೋಳಿಯ ಮೇಲಿನ ಪ್ರೀತಿ ನಮ್ಮನ್ನು ಬಿಟ್ಟಿಲ್ಲ. ಮಾರನೆಯ ದಿನ ಅವರ ಮನೆಗೆ ಹೋಗಿ ಮೂರೂ ಕೋಳಿಗಳನ್ನು ಕೈಯಲ್ಲಿ ಹಿಡಿದು ನೋಡಿದೆವು. ಅಲ್ಲಿ ಕಂಡದ್ದನ್ನೂ, ಈ ತಳಿಯ ಬಗ್ಗೆ ತಿಳಿದಿರಬೇಕಾದದ್ದನ್ನೂ ಈ ಸಂಚಿಕೆಯಲ್ಲಿ ಬರೆಯುತ್ತಿದ್ದೇವೆ. ಇಂತಹ ಆಸೆ ಇನ್ನೂ ಕೆಲವು ಮನೆಗಳಲ್ಲಿದೆ ಎಂದು ನಮಗೆ ಗೊತ್ತು.

ಹೆಸರು ಕೊಚ್ಚಿಯದಲ್ಲ

ಕೇರಳದಲ್ಲಿರುವ ನಮಗೆ ಕೊಚಿನ್ ಎಂದೊಡನೆ ನಮ್ಮ ಕೊಚ್ಚಿಯೇ ನೆನಪಾಗುತ್ತದೆ. ಈ ಕೋಳಿಗೂ ಕೊಚ್ಚಿಗೂ ಸಂಬಂಧವಿಲ್ಲ. ಇದರ ಮೂಲ ಚೀನಾ. 1842ರ ಒಪ್ಪಂದದ ನಂತರ ಶಾಂಘೈ ಬಂದರು ಇಂಗ್ಲಿಷ್ ವ್ಯಾಪಾರಕ್ಕೆ ತೆರೆಯಿತು. ಆ ದಶಕದಲ್ಲಿಯೇ ಅಲ್ಲಿನ ದೊಡ್ಡ ಕೋಳಿಗಳು ಹಡಗು ಹತ್ತಿ ಇಂಗ್ಲೆಂಡ್ ಮತ್ತು ಅಮೆರಿಕ ಸೇರಿದವು. ಈಗಿನ ವಿಯೆಟ್ನಾಮಿನ ದಕ್ಷಿಣ ಭಾಗವನ್ನು ಯುರೋಪಿನವರು ಕೊಚಿನ್-ಚೀನಾ ಎನ್ನುತ್ತಿದ್ದರು. ಆ ಹೆಸರು ಹೇಗೋ ಈ ಕೋಳಿಗೆ ಅಂಟಿಕೊಂಡು ಉಳಿಯಿತು. ಶಾಂಘೈ ಕೋಳಿ ಎಂಬ ಹೆಸರೂ ಆಗ ಬಳಕೆಯಲ್ಲಿತ್ತು.

ವಿಕ್ಟೋರಿಯಾ ರಾಣಿಯ ಕೋಳಿಮನೆಗೂ ಈ ಹೊಸ ಕೋಳಿಗಳು ಹೋದ ಮೇಲೆ ಜನರಿಗೆ ಹುಚ್ಚು ಹಿಡಿಯಿತು. 1849ರಲ್ಲಿ ಅಮೆರಿಕದ ಬೋಸ್ಟನ್ ನಗರದಲ್ಲಿ ದೊಡ್ಡ ಕೋಳಿ ಪ್ರದರ್ಶನ ನಡೆಯಿತು. ಸಾಮಾನ್ಯ ಕೋಳಿಯ ಹತ್ತಾರು ಪಟ್ಟು ಬೆಲೆ ಕೊಟ್ಟು ಜನ ಇವನ್ನು ಕೊಂಡರು. ಕೆಲವೇ ವರ್ಷಗಳಲ್ಲಿ ಬೆಲೆ ಕುಸಿಯಿತು. ಈ ವ್ಯಾಪಾರದಲ್ಲಿ ಸ್ವತಃ ಹಣ ಮಾಡಿದ್ದ ಜಾರ್ಜ್ ಬರ್ನ್ಹ್ಯಾಮ್ ಎಂಬಾತನೇ 1855ರಲ್ಲಿ ಆ ‘ಕೋಳಿ ಜ್ವರ’ದ ಕಥೆಯನ್ನು ನಗುತ್ತ ಪುಸ್ತಕವಾಗಿ ಬರೆದ. ಇಂದು ನಮ್ಮ ಊರುಗಳಲ್ಲಿ ಚಂದದ ಕೋಳಿಗಳಿಗೆ ಸಾವಿರಗಟ್ಟಲೆ ಬೆಲೆ ಹೇಳುವುದನ್ನು ಕೇಳುವಾಗ ನಮಗೆ ಆ ಕಥೆ ನೆನಪಾಗುತ್ತದೆ.

ಕೈಯಲ್ಲಿ ಹಿಡಿದು ನೋಡಿ

ಅಮೆರಿಕದ ಕೋಳಿ ಸಾಕಣೆದಾರರ ಸಂಘ 1874ರಲ್ಲಿ ತಳಿಗಳ ಲಕ್ಷಣ ಪುಸ್ತಕವನ್ನು ಹೊರತಂದಾಗ ಕಂದುಹಳದಿ, ಕೌಜುಗದ ಬಣ್ಣ, ಬಿಳಿ ಮತ್ತು ಕಪ್ಪು ಕೊಚಿನ್‌ಗಳು ಅದರಲ್ಲಿ ಸೇರಿದ್ದವು. ಆ ಲಕ್ಷಣಗಳ ಪ್ರಕಾರ ಬೆಳೆದ ಹುಂಜದ ತೂಕ 11 ಪೌಂಡು, ಅಂದರೆ ಸುಮಾರು 5 ಕಿಲೋ. ಬೆಳೆದ ಹೇಂಟೆ ಎಂಟೂವರೆ ಪೌಂಡು, ಸುಮಾರು 3.9 ಕಿಲೋ. ವರ್ಷ ತುಂಬದ ಹುಂಜ 4.1 ಕಿಲೋ, ಹೇಂಟೆ 3.2 ಕಿಲೋ. ಪುಕ್ಕ ಬಹಳ ಇರುವುದರಿಂದ ಎರಡೂವರೆ ಕಿಲೋದ ಕೋಳಿಯೂ ಚಿತ್ರದಲ್ಲಿ ಐದು ಕಿಲೋದ ಹಾಗೆ ಕಾಣುತ್ತದೆ. ಆದ್ದರಿಂದ ಮೊದಲು ತಕ್ಕಡಿಗೆ ಇಡಿ. ನಂತರ ಪುಕ್ಕದೊಳಗೆ ಬೆರಳು ತೂರಿಸಿ ಎದೆಮೂಳೆಯನ್ನು ಮುಟ್ಟಿ ನೋಡಿ. ಮೂಳೆ ಚೂರಿಯಂತೆ ಕೈಗೆ ಸಿಕ್ಕರೆ ಕೋಳಿ ಸೊರಗಿದೆ. ಮೂಳೆ ಸೊಟ್ಟಗಿದ್ದರೆ ಅದನ್ನು ಮರಿ ಮಾಡಿಸಲು ಇಡಬಾರದು.

ಆಕಾರವನ್ನು ನೋಡಿದ ಮೇಲೆಯೇ ಬಣ್ಣದ ಕಡೆಗೆ ಹೋಗಬೇಕು. ಕೊಚಿನ್ ಯಾವ ಕಡೆಯಿಂದ ನೋಡಿದರೂ ಗುಂಡಗೆ ಕಾಣಬೇಕು. ಬೆನ್ನು ಚಿಕ್ಕದು, ಅಗಲ. ಬೆನ್ನಿನಿಂದ ಬಾಲದವರೆಗೆ ಪುಕ್ಕ ದಿಂಬಿನಂತೆ ಉಬ್ಬಿರಬೇಕು. ಎದೆ ತುಂಬಿ ತಗ್ಗಾಗಿರಬೇಕು, ಕಾಲುಗಳ ನಡುವೆ ಅಂತರವಿರಬೇಕು. ಮೊಣಗಂಟುಗಳು ಒಂದಕ್ಕೊಂದು ತಾಗುವ ಕೋಳಿ ಭಾರ ತಾಳಲಾರದು. ಪುಕ್ಕ ಮೃದುವಾಗಿರಬೇಕು. ಮೊಣಗಂಟಿನಿಂದ ಹಿಂದಕ್ಕೆ ಗಟ್ಟಿ ಗರಿಗಳು ಕಡ್ಡಿಯಂತೆ ಚಾಚಿಕೊಂಡಿದ್ದರೆ ಅದನ್ನು ದೋಷವೆಂದು ಎಣಿಸುತ್ತಾರೆ. ಕಾಲಿನ ಹೊರಭಾಗದಲ್ಲಿಯೂ, ಹೊರಬೆರಳು ಮತ್ತು ನಡುಬೆರಳುಗಳ ಮೇಲೂ ತುಂಬ ಪುಕ್ಕವಿರಬೇಕು. ಬೆರಳು ನಾಲ್ಕು.

ಜುಟ್ಟನ್ನು ತಪ್ಪದೆ ನೋಡಿ. ಕೊಚಿನ್‌ನ ಜುಟ್ಟು ಒಂದೇ ಎಸಳಿನದು, ಗರಗಸದಂತೆ ಐದು ಹಲ್ಲುಗಳು, ನೆಟ್ಟಗೆ ನಿಂತಿರಬೇಕು. ಬ್ರಹ್ಮ ಎಂಬ ಇನ್ನೊಂದು ದೊಡ್ಡ ತಳಿಗೂ ಕಾಲಿನಲ್ಲಿ ಪುಕ್ಕವಿದೆ. ಅದರ ಜುಟ್ಟು ಮಾತ್ರ ತಗ್ಗಾಗಿ ಮೂರು ಸಾಲಾಗಿರುತ್ತದೆ. ನಮ್ಮ ಆ ತಾಯಿಯ ಮನೆಯ ಎರಡು ಹೇಂಟೆಗಳಲ್ಲಿ ಒಂದಕ್ಕೆ ಇದ್ದದ್ದು ಈ ಮೂರು ಸಾಲಿನ ಜುಟ್ಟೇ. ಕಾಲಿನ ಪುಕ್ಕವೂ ವಿರಳ. ಅದು ಬೆರಕೆ ಕೋಳಿ. ಕಣ್ಣೆದುರಿಗೇ ಇದ್ದರೂ ನೋಡಬೇಕೆಂದು ಅವರಿಗೆ ಹೇಳಿದವರಿರಲಿಲ್ಲ.

ಇಲ್ಲಿ ನಮಗೆ ಉಪಯೋಗಕ್ಕೆ ಬರುವ ಒಂದು ವಂಶನಿಯಮವಿದೆ. ಒಂಟಿ ಎಸಳಿನ ಜುಟ್ಟು ಅಡಗಿ ಬರುವ ಗುಣ. ಅಪ್ಪ ಅಮ್ಮ ಇಬ್ಬರಲ್ಲಿಯೂ ಒಂಟಿ ಎಸಳಿದ್ದರೆ ಅವುಗಳ ಮರಿಗೆ ಮೂರು ಸಾಲಿನ ಜುಟ್ಟು ಬರುವುದಿಲ್ಲ. ಬಂದರೆ ಬೇರೆ ಹುಂಜ ನಡುವೆ ಬಂದಿದೆ ಎಂದೇ ಅರ್ಥ. ಹಳದಿ ಚರ್ಮದ ಮಾತೂ ಹಾಗೆಯೇ. ಕೊಚಿನ್‌ನ ಚರ್ಮ ಹಳದಿ. ಕಪ್ಪು ಬಣ್ಣದ ಕೋಳಿಗಳಲ್ಲಿ ಕಾಲಿನ ಮೇಲ್ಭಾಗ ಕಪ್ಪಾದರೂ ಅಂಗಾಲು ಹಳದಿಯಾಗಿರುತ್ತದೆ. ಬಹಳ ಮೊಟ್ಟೆಯಿಟ್ಟ ಹೇಂಟೆಯ ಕಾಲಿನ ಹಳದಿ ಮಾಸುತ್ತದೆ, ಅದನ್ನು ದೋಷವೆನ್ನಬಾರದು.

ಬಣ್ಣದ ಬಗ್ಗೆ ಒಂದೇ ಮಾತು. ನೀಲಿ ಬಣ್ಣದ ಜೋಡಿಗೆ ಹೆಚ್ಚು ಹಣ ಕೇಳುವವರಿದ್ದಾರೆ. ನೀಲಿ ಹುಂಜಕ್ಕೆ ನೀಲಿ ಹೇಂಟೆ ಸೇರಿಸಿದರೆ ಮರಿಗಳೆಲ್ಲ ನೀಲಿಯಾಗುವುದಿಲ್ಲ. ಸರಾಸರಿ ನಾಲ್ಕರಲ್ಲಿ ಎರಡು ನೀಲಿ, ಒಂದು ಕಪ್ಪು, ಒಂದು ಬಿಳಿಯ ಮೇಲೆ ನೀಲಿ ಚಿಮುಕಿಸಿದಂತಹದು. ಇದನ್ನು ತಿಳಿಯದೆ ಗಿರಾಕಿಗೆ ಮಾತು ಕೊಟ್ಟರೆ ನಾವೇ ಸುಳ್ಳರಾಗುತ್ತೇವೆ.

ಜೋಡಿ ಕಟ್ಟುವ ಕ್ರಮ

ದೋಷವಿಲ್ಲದ ಕೋಳಿ ಸಿಗುವುದಿಲ್ಲ. ಒಂದೇ ದೋಷವಿರುವ ಎರಡು ಕೋಳಿಗಳನ್ನು ಜೋಡಿ ಮಾಡಬಾರದು ಎಂಬುದೇ ತಳಿ ಬೆಳೆಸುವವರ ಮೊದಲ ಪಾಠ. ಹೇಂಟೆಯ ಬೆನ್ನು ಉದ್ದವಾಗಿದ್ದರೆ ಚಿಕ್ಕ ಬೆನ್ನಿನ ಹುಂಜವನ್ನು ಹುಡುಕಿ. ಹುಂಜದ ಕಾಲಿನಲ್ಲಿ ಪುಕ್ಕ ಕಡಿಮೆಯಿದ್ದರೆ ಪುಕ್ಕ ತುಂಬಿದ ಹೇಂಟೆ ಕೊಡಿ. ಆದರೆ ಸೊಟ್ಟ ಬೆರಳು, ಸೊಟ್ಟ ಕೊಕ್ಕು, ಪದೇ ಪದೇ ಬರುವ ಕಾಯಿಲೆ, ಜನರ ಮೇಲೆರಗುವ ಸ್ವಭಾವ ಇರುವ ಕೋಳಿಯನ್ನು ಯಾವ ಕಾರಣಕ್ಕೂ ಜೋಡಿಗೆ ಇಡಬೇಡಿ.

ಒಂದು ಹುಂಜಕ್ಕೆ ನಾಲ್ಕರಿಂದ ಆರು ಹೇಂಟೆ ಸಾಕು. ಜೋಡಿ ಬೇರೆ ಮಾಡಿದ ಕೂಡಲೇ ಮೊಟ್ಟೆ ಕೂಡಿಡಬಾರದು. ಹಿಂದಿನ ಹುಂಜದ ಬೀಜ ಹೇಂಟೆಯ ಹೊಟ್ಟೆಯಲ್ಲಿ ಎರಡು ಮೂರು ವಾರ ಜೀವಂತವಾಗಿರುತ್ತದೆ. ಕನಿಷ್ಠ ಮೂರು ವಾರ ಕಳೆದ ನಂತರದ ಮೊಟ್ಟೆಯನ್ನೇ ಕಾವಿಗಿಡಿ. ಆ ಮನೆಯ ಬೋಳುಕಾಲಿನ ಮರಿಯ ಅಪ್ಪ ಅಂಗಳದ ನಾಟಿ ಹುಂಜವೇ ಇರಬೇಕೆಂದು ನಮ್ಮ ಅಂದಾಜು. ಹೇಂಟೆಗಳನ್ನು ಮೊದಲ ತಿಂಗಳು ಅದರ ಜೊತೆಗೇ ಬಿಟ್ಟಿದ್ದರು.

ಮರಿಗಳು ಹುಟ್ಟಿದಾಗ ಕಾಲಿಗೆ ಬಣ್ಣದ ಉಂಗುರ ಹಾಕಿ, ಯಾವ ಹೇಂಟೆಯ ಮರಿ, ಯಾವ ದಿನ ಹುಟ್ಟಿತು ಎಂದು ನೋಟುಪುಸ್ತಕದಲ್ಲಿ ಬರೆದಿಡಿ. ಬೆಳೆದಂತೆಲ್ಲ ಉಂಗುರ ಬದಲಿಸಿ, ಇಲ್ಲದಿದ್ದರೆ ಕಾಲಿಗೆ ಕಚ್ಚುತ್ತದೆ. ಕೊಚಿನ್ ನಿಧಾನವಾಗಿ ಬೆಳೆಯುವ ತಳಿ, ಪೂರ್ಣ ಆಕಾರ ಬರಲು ಒಂದು ವರ್ಷಕ್ಕಿಂತ ಹೆಚ್ಚು ಬೇಕು. ಮೂರು ತಿಂಗಳಲ್ಲಿ ಸೊಟ್ಟ ಬೆರಳು, ಜುಟ್ಟಿನ ದೋಷ ಇರುವವನ್ನು ಬೇರೆ ಮಾಡಿ ಸಾರಿಗೆ ಬಳಸಿ. ಉಳಿದವುಗಳ ತೀರ್ಮಾನವನ್ನು ಅವಸರದಲ್ಲಿ ಮಾಡಬೇಡಿ. ಒಳ್ಳೆಯ ಹುಂಜಕ್ಕೆ ಅದರ ಉತ್ತಮ ಮಗಳನ್ನು, ಒಳ್ಳೆಯ ಹೇಂಟೆಗೆ ಅದರ ಉತ್ತಮ ಮಗನನ್ನು ಸೇರಿಸಿ ಗುಣವನ್ನು ಗಟ್ಟಿಗೊಳಿಸುವ ಕ್ರಮವಿದೆ. ಒಡಹುಟ್ಟಿದವುಗಳನ್ನೇ ತಲೆಮಾರುಗಟ್ಟಲೆ ಸೇರಿಸುತ್ತ ಹೋದರೆ ಮೊಟ್ಟೆ ಒಡೆಯುವುದು ಕಡಿಮೆಯಾಗಿ ಮರಿಗಳು ಬಲಹೀನವಾಗುತ್ತವೆ.

ಮೊಟ್ಟೆ ಏಕೆ ಬರಡಾಯಿತು?

14 ಮೊಟ್ಟೆಗಳಲ್ಲಿ 11 ಹಾಳಾಗಲು ಕಾರಣ ಮೋಸವಲ್ಲ. ಕೊಚಿನ್‌ನ ಗುದದ್ವಾರದ ಸುತ್ತ ಪುಕ್ಕ ಎಷ್ಟು ದಟ್ಟವೆಂದರೆ ಹುಂಜ ಮೇಲೇರಿದರೂ ಕೂಡಿಕೆ ಸರಿಯಾಗಿ ಆಗುವುದಿಲ್ಲ. ಹುಂಜ, ಹೇಂಟೆ ಎರಡಕ್ಕೂ ಆ ಭಾಗದ ಮೃದುಪುಕ್ಕವನ್ನು ಕತ್ತರಿಯಿಂದ ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ಅಗಲಕ್ಕೆ ಕತ್ತರಿಸಬೇಕು. ಚರ್ಮಕ್ಕೆ ತಾಗದಂತೆ ಇಬ್ಬರು ಸೇರಿ ಮಾಡಿದರೆ ಒಳ್ಳೆಯದು. ಅತಿ ಕೊಬ್ಬಿದ ಹುಂಜವೂ ನಿಧಾನಿಯಾಗುತ್ತದೆ. ಅನ್ನ, ಜೋಳ ಮಿತಿಯಲ್ಲಿರಲಿ, ಸೊಪ್ಪು ಹೆಚ್ಚು ಸಿಗಲಿ.

ಕಾವಿಗಿಡುವ ಮೊಟ್ಟೆಯನ್ನು ತೊಳೆಯಬೇಡಿ. ಚೂಪು ತುದಿ ಕೆಳಗಾಗಿ ತಂಪು ಜಾಗದಲ್ಲಿಡಿ, ಏಳು ದಿನಕ್ಕಿಂತ ಹಳತಾಗದಿರಲಿ. ಏಳನೆಯ ದಿನ ಕತ್ತಲೆ ಕೋಣೆಯಲ್ಲಿ ಟಾರ್ಚ್ ಹಿಡಿದು ನೋಡಿದರೆ ಜೀವವಿರುವ ಮೊಟ್ಟೆಯಲ್ಲಿ ಕೆಂಪು ನರಗಳ ಬಲೆ ಕಾಣುತ್ತದೆ. 21ನೆಯ ದಿನ ಮರಿ ಹೊರಬರುತ್ತದೆ.

ಕಾವು ಕೂರುವುದರಲ್ಲಿ ಕೊಚಿನ್ ಹೇಂಟೆ ಬಹಳ ನಿಷ್ಠೆಯದು. ಬೇರೆ ಕೋಳಿಯ, ಬಾತುಕೋಳಿಯ ಮೊಟ್ಟೆಗಳಿಗೂ ಕೂರುತ್ತದೆ. ಪ್ರಭು ಯೇಸು ಜೆರುಸಲೇಮಿಗಾಗಿ ಮರುಗುವಾಗ ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಳ್ಳುವ ಕೋಳಿಯ ಹೋಲಿಕೆ ಕೊಟ್ಟರು. ಈ ಹೇಂಟೆ ಕಾವು ಕೂತದ್ದನ್ನು ನೋಡಿದವರಿಗೆ ಆ ಹೋಲಿಕೆ ಇನ್ನಷ್ಟು ಹತ್ತಿರವಾಗುತ್ತದೆ. ಆದರೆ ಅದರ ಭಾರ ಜಾಸ್ತಿ, ಆದ್ದರಿಂದ ಗೂಡಿನಲ್ಲಿ ಒಣಹುಲ್ಲು ದಪ್ಪಗಿರಲಿ, ಮರಿ ಒಡೆಯುವ ದಿನ ಗಮನವಿರಲಿ.

ನಮ್ಮ ಸೆಕೆ, ನಮ್ಮ ಮಳೆ

ಈ ಕೋಳಿಯ ಪುಕ್ಕ ಚಳಿಗೆ ಹೇಳಿ ಮಾಡಿಸಿದ್ದು. ನಮ್ಮ ಏಪ್ರಿಲ್ ಸೆಕೆಯಲ್ಲಿ ಅದು ಬಾಯಿ ತೆರೆದು ಏದುಸಿರು ಬಿಡುತ್ತದೆ. ಅಡಿಕೆ ತೋಟದ ನೆರಳು, ಗಾಳಿಯಾಡುವ ಗೂಡು, ದಿನಕ್ಕೆ ಮೂರು ನಾಲ್ಕು ಸಲ ತಂಪು ನೀರು ಬೇಕೇ ಬೇಕು. ಆಹಾರವನ್ನು ಬೆಳಿಗ್ಗೆ, ಸಂಜೆ ಕೊಡಿ.

ಮಳೆಗಾಲದಲ್ಲಿ ಕಾಲಿನ ಪುಕ್ಕಕ್ಕೆ ಕೆಸರು ಮೆತ್ತಿ ಉಂಡೆಯಾಗುತ್ತದೆ, ಬೆರಳು ಕೊಳೆಯುತ್ತದೆ. ಆ ನಾಲ್ಕು ತಿಂಗಳು ಅವನ್ನು ಅಂಗಳಕ್ಕೆ ಬಿಡದೆ ಸೂರಿನಡಿ ಭತ್ತದ ಉಮಿ ಅಥವಾ ಮರದ ಹುಡಿಯ ಮೇಲೆ ಸಾಕಿ. ಒದ್ದೆಯಾದುದನ್ನು ಆಗಾಗ ತೆಗೆಯಿರಿ. ಕೂರುವ ಗಳ ನೆಲದಿಂದ ಒಂದು ಅಡಿಗಿಂತ ಎತ್ತರ ಬೇಡ, ಭಾರದ ಕೋಳಿ ಎತ್ತರದಿಂದ ಹಾರಿದರೆ ಪಾದಕ್ಕೆ ಗಾಯವಾಗಿ ಕೀವು ಕಟ್ಟುತ್ತದೆ. ಕಾಲಿನ ಹುರುಪೆ ಎದ್ದು ದಪ್ಪಗಾದರೆ ಅದು ಕಣ್ಣಿಗೆ ಕಾಣದ ಹುಳದ ಕೆಲಸ. ಪುಕ್ಕದ ಕಾಲಿನಲ್ಲಿ ಇದು ಬೇಗ ತಿಳಿಯುವುದಿಲ್ಲ. ಬಿಸಿನೀರು, ಸಾಬೂನಿನಿಂದ ತೊಳೆದು ಒರಸಿ, ವ್ಯಾಸಲೀನ್ ಅಥವಾ ಎಣ್ಣೆಯನ್ನು ಕೆಲವು ವಾರ ಹಚ್ಚುತ್ತ ಬನ್ನಿ.

ಕೊಕ್ಕರೆ ರೋಗದ ಲಸಿಕೆಯನ್ನು ಮರಿಗೆ ಮೊದಲ ವಾರದಲ್ಲಿ ಹನಿಯಾಗಿಯೂ, ಎಂಟು ವಾರದ ಹೊತ್ತಿಗೆ ಚುಚ್ಚುಮದ್ದಾಗಿಯೂ ಕೊಡಿಸಿ. ಸಿಡುಬಿನ ಲಸಿಕೆಯ ಬಗ್ಗೆಯೂ ಮೃಗಾಸ್ಪತ್ರೆಯಲ್ಲಿ ಕೇಳಿ. ಹೊಸ ಕೋಳಿ ತಂದರೆ ಒಂದು ತಿಂಗಳು ದೂರವಿಟ್ಟು ಸಾಕಿ. 2014ರಿಂದೀಚೆಗೆ ಕೇರಳದಲ್ಲಿ ಹಲವು ಬಾರಿ ಹಕ್ಕಿಜ್ವರ ಬಂದಿದೆ. ಕೋಳಿಗಳು ಒಮ್ಮೆಲೇ ಸಾಯತೊಡಗಿದರೆ ಬರಿಗೈಯಲ್ಲಿ ಮುಟ್ಟಬೇಡಿ, ಮಾರಬೇಡಿ, ಅಡಿಗೆ ಮಾಡಬೇಡಿ, ಕೂಡಲೇ ಮೃಗಾಸ್ಪತ್ರೆಗೆ ತಿಳಿಸಿ. ಎಂದಿನ ದಿನಗಳಲ್ಲಿಯೂ ಮಕ್ಕಳು ಕೋಳಿ ಮುಟ್ಟಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯಲಿ.

ಲೆಕ್ಕ ಹಾಕಿ ಕೈ ಹಾಕಿ

ಮೊಟ್ಟೆ, ಮಾಂಸದ ಆದಾಯ ಬೇಕಾದವರಿಗೆ ಕೊಚಿನ್ ತಕ್ಕದ್ದಲ್ಲ. ಅದು ತಿನ್ನುವುದು ಹೆಚ್ಚು, ಮೊಟ್ಟೆ ಕಡಿಮೆ. ಅಂತಹವರು ಬೆಂಗಳೂರಿನಲ್ಲಿ ರೂಪುಗೊಂಡ ಗಿರಿರಾಜ, ಕೇರಳದ ಗ್ರಾಮಶ್ರೀಯಂತಹ ಕೋಳಿಗಳನ್ನು ಅಥವಾ ನಮ್ಮ ನಾಟಿ ಕೋಳಿಯನ್ನೇ ಸಾಕುವುದು ಕ್ಷೇಮ. ಚಂದಕ್ಕಾಗಿ ಕೊಳ್ಳುವ ಗಿರಾಕಿ ಇಂದು ಇರುತ್ತಾನೆ, ನಾಳೆ ಇಲ್ಲ. ಕೈಯಲ್ಲಿ ಮಿಕ್ಕ ಹಣವಿದ್ದರೆ, ಕೋಳಿಯ ಮೇಲೆ ಪ್ರೀತಿಯಿದ್ದರೆ ಒಂದು ಒಳ್ಳೆಯ ಜೋಡಿಯಿಂದ ಆರಂಭಿಸಿ. ಸಾಲ ಮಾಡಿ ಆರಂಭಿಸಬೇಡಿ.

ಆ ತಾಯಿಗೆ ನಾವು ಹೇಳಿದ್ದು ಇಷ್ಟೆ: ಬೆರಕೆ ಹೇಂಟೆಯನ್ನು ಜೋಡಿಯಿಂದ ತೆಗೆಯಿರಿ, ನಾಟಿ ಹುಂಜವನ್ನು ದೂರವಿಡಿ, ಪುಕ್ಕ ಕತ್ತರಿಸಿ, ಮೂರು ವಾರ ಕಾಯಿರಿ. ಮಗನೇ ಕತ್ತರಿ ಹಿಡಿದ, ನೋಟುಪುಸ್ತಕವನ್ನೂ ಬರೆಯತೊಡಗಿದ. ಎರಡನೆಯ ಬಾರಿ ಇಟ್ಟ 12 ಮೊಟ್ಟೆಗಳಲ್ಲಿ ಒಂಬತ್ತು ಮರಿಯಾದವು, ಎಲ್ಲದರ ಕಾಲಿನಲ್ಲಿಯೂ ಪುಕ್ಕ. ಬೆರಕೆ ಹೇಂಟೆ ಈಗ ನಾಟಿ ಕೋಳಿಯ ಮೊಟ್ಟೆಗಳಿಗೆ ಕಾವು ಕೂರುತ್ತಿದೆ. ಆ ನಾಟಿ ಮರಿಗಳನ್ನು ಮಾರಿದ ಹಣದಿಂದಲೇ ಗುಂಪಿನ ಕಂತು ಕಟ್ಟುತ್ತಿದ್ದಾರೆ. ಸಾಲ ಇನ್ನೂ ತೀರಿಲ್ಲ.

ಮೊನ್ನೆ ಆ ಮೊದಲಿನ ಮೂರು ಮರಿಗಳನ್ನು ಕೊಳ್ಳಲು ಒಬ್ಬರು ಬಂದರಂತೆ. “ಇದು ಬೆರಕೆ, ಕೊಚಿನ್ ಅಲ್ಲ ಎಂದು ಮೊದಲೇ ಹೇಳಿ ನಾಟಿ ಕೋಳಿಯ ಬೆಲೆಗೆ ಕೊಟ್ಟೆವು ಫಾದರ್,” ಎಂದು ಆ ತಾಯಿ ಹೇಳಿದರು. ತಮಗೆ ಬಂದ ಕಷ್ಟ ಇನ್ನೊಂದು ಮನೆಗೆ ಹೋಗದಂತೆ ಅವರು ನೋಡಿಕೊಂಡರು. ದೇವರು ಆ ಮನೆಯನ್ನು ಆಶೀರ್ವದಿಸಲಿ.