ಎಳೆತ ಯಾವ ಕಡೆಗೆ?

ನನ್ನ ಅಕ್ಕನ ಮಗ ಎಂಜಿನಿಯರಿಂಗ್ ಕಾಲೇಜಿನ ಎರಡನೆಯ ವರ್ಷದಲ್ಲಿ ಒಂದು ವಿಷಯದಲ್ಲಿ ನಪಾಸಾದನು. ಆ ವಿಷಯದ ಹೆಸರು 'ಸ್ಟ್ರೆಂತ್ ಆಫ್ ಮೆಟೀರಿಯಲ್ಸ್'. ಕನ್ನಡದಲ್ಲಿ ಅದನ್ನು ಪದಾರ್ಥಗಳ ಬಲಶಾಸ್ತ್ರವೆಂದು ಕರೆಯಬಹುದು. ಭಾವನವರು ಮೈಸೂರಿನಲ್ಲಿ ಮನೆ ಕಟ್ಟಿಸುತ್ತಿದ್ದ ಕಾಲವದು. ಒಂದು ಕೈಯಲ್ಲಿ ಸಿಮೆಂಟಿನ ಬಿಲ್ಲು, ಇನ್ನೊಂದು ಕೈಯಲ್ಲಿ ಮಗನ ಅಂಕಪಟ್ಟಿ. ಅವರ ತಾಳ್ಮೆ ಮುಗಿದುದರಲ್ಲಿ ಆಶ್ಚರ್ಯವಿರಲಿಲ್ಲ. ಹುಡುಗ ಪುಸ್ತಕಗಳ ಗಂಟನ್ನು ಹೊತ್ತುಕೊಂಡು ರಜೆಗೆ ನಮ್ಮ ಮನೆಗೆ ಬಂದನು.

ನಾನು ಓದಿದುದು ಕನ್ನಡ ಎಂ.ಎ.; ಹೇಳುವುದು ಹಳಗನ್ನಡದ ಪಾಠ. ಆತನಿಗೆ ನೆರವಾಗುವ ದಾರಿ ನನಗೆ ಒಂದೇ ತೋರಿತು. "ನೋಡಪ್ಪ, ದಿನಕ್ಕೊಂದು ಪಾಠವನ್ನು ನನಗೆ ಕನ್ನಡದಲ್ಲಿ ಹೇಳು. ನನ್ನಂಥವನಿಗೆ ಅರ್ಥವಾದರೆ ನಿನಗೆ ಬಂದಿದೆಯೆಂದು ತಿಳಿ" ಎಂದೆನು. ಹೀಗೆ ಗುರುಶಿಷ್ಯರ ಸ್ಥಾನ ಅದಲುಬದಲಾಯಿತು. ಆ ಹದಿನೈದು ದಿನಗಳಲ್ಲಿ ನಾನು ಕಲಿತುದನ್ನು ವಾಚಕರ ಮುಂದೆ ಇಡುವುದಕ್ಕೆ ಕಾರಣವುಂಟು. ಅದು ಕೊನೆಗೆ ತಿಳಿಯುವುದು.

ಉಕ್ಕೂ ಹಿಗ್ಗುತ್ತದೆ

ಮೊದಲ ದಿನದ ಪಾಠವೇ ನನ್ನನ್ನು ಬೆರಗುಗೊಳಿಸಿತು. ಹೊರೆ ಹೊತ್ತ ವಸ್ತು ಯಾವುದೇ ಆಗಲಿ, ಅದು ಕೊಂಚವಾದರೂ ರೂಪ ಬದಲಾಯಿಸದೆ ಇರದು. ಮೂರು ಮೀಟರ್ ಉದ್ದದ, 12 ಮಿಲಿಮೀಟರ್ ದಪ್ಪದ ಉಕ್ಕಿನ ಕಂಬಿಯನ್ನು ಸೂರಿಗೆ ಬಿಗಿದು, ಅದರ ಕೆಳತುದಿಗೆ 1,000 ಕಿಲೋಗ್ರಾಂ ಭಾರವನ್ನು ತೂಗುಹಾಕಿದರೆ ಕಂಬಿ ಸುಮಾರು 1.3 ಮಿಲಿಮೀಟರಿನಷ್ಟು ಉದ್ದವಾಗುತ್ತದೆ. ಭಾರ ತೆಗೆದೊಡನೆ ಮೊದಲಿನಂತಾಗುತ್ತದೆ. ಈ ಗುಣಕ್ಕೆ ಸ್ಥಿತಿಸ್ಥಾಪಕತೆಯೆಂದು ಹೆಸರು.

ಆ ಕಂಬಿಯನ್ನು ಅಡ್ಡ ಕತ್ತರಿಸಿದರೆ ಕಾಣುವ ಮುಖದ ವಿಸ್ತೀರ್ಣ ಸುಮಾರು 113 ಚದರ ಮಿಲಿಮೀಟರ್. ಭಾರವನ್ನು ಅದರಿಂದ ಭಾಗಿಸಿದರೆ ಒಂದೊಂದು ಚದರ ಮಿಲಿಮೀಟರಿನ ಪಾಲಿಗೆ ಒಂಬತ್ತು ಕಿಲೋದಷ್ಟು ಬರುತ್ತದೆ. ಹೀಗೆ ಪಾಲಿಗೆ ಬಂದ ಹೊರೆಯೇ 'ಸ್ಟ್ರೆಸ್', ಅಂದರೆ ಪೀಡನ. ಉದ್ದದ ಒಂದು ಅಳತೆಗೆ ಎಷ್ಟು ಹಿಗ್ಗಿತೆಂಬ ಪ್ರಮಾಣವೇ 'ಸ್ಟ್ರೇನ್', ಅಂದರೆ ವಿಕೃತಿ. ಇವೆರಡೂ ಒಂದು ಮಿತಿಯವರೆಗೆ ಜೊತೆಜೊತೆಯಾಗಿಯೇ ಏರುತ್ತವೆ. ಪೀಡನ ಇಮ್ಮಡಿಯಾದರೆ ವಿಕೃತಿಯೂ ಇಮ್ಮಡಿ. ಇಂಗ್ಲೆಂಡಿನ ರಾಬರ್ಟ್ ಹುಕ್ ಈ ನಿಯಮವನ್ನು ಕಂಡುಕೊಂಡು, ಬೇರೆಯವರು ತಮ್ಮದೆಂದು ಹೇಳಿಕೊಳ್ಳಬಾರದೆಂದು, 1676ರಲ್ಲಿ ಹದಿನಾಲ್ಕು ಲ್ಯಾಟಿನ್ ಅಕ್ಷರಗಳ ಒಗಟಾಗಿ ಅಚ್ಚು ಹಾಕಿಸಿದನು. 1678ರಲ್ಲಿ ತಾನೇ ಅದನ್ನು ಬಿಡಿಸಿ ಹೇಳಿದನು. ಎಂಜಿನಿಯರರಲ್ಲಿಯೂ ಚಿತ್ರಕವಿಗಳಿದ್ದರೆಂದು ಕೇಳಿ ನನಗೆ ಸಂತೋಷವಾಯಿತು.

ಮಿತಿ ಮೀರಿದ ಮೇಲಿನ ಕಥೆ ಬೇರೆ. ಉಕ್ಕು ತಟ್ಟನೆ ತುಂಡಾಗುವುದಿಲ್ಲ. ಅದು ಮೊದಲು ಸೋತು, ಜಗ್ಗಿ, ಮತ್ತೆ ಹಿಂದಿನ ಅಳತೆಗೆ ಬಾರದಂತೆ ಉದ್ದವಾಗುತ್ತದೆ. ಇಂದು ಅಂಗಡಿಯಲ್ಲಿ ಮಾರುವ ಕಂಬಿಯ ಮೇಲೆ 500 ಎಂಬ ಅಂಕೆಯನ್ನು ಕಾಣುತ್ತೇವಷ್ಟೆ. ಚದರ ಮಿಲಿಮೀಟರಿಗೆ 500 ನ್ಯೂಟನ್, ಎಂದರೆ ಸುಮಾರು 51 ಕಿಲೋ ಎಳೆತ ಬೀಳುವವರೆಗೆ ಅದು ಸೋಲದು ಎಂಬ ಭರವಸೆಯೇ ಆ ಅಂಕೆ. ಕಲ್ಲು, ಗಾಜು, ಬರಿಯ ಕಾಂಕ್ರೀಟುಗಳಿಗೆ ಹೀಗೆ ಸೋತು ಎಚ್ಚರಿಕೆ ಕೊಡುವ ಸ್ವಭಾವವಿಲ್ಲ. ಅವು ಬಿರುಕುಬಿಟ್ಟು ಮುರಿಯುತ್ತವೆ.

ಒಂದು ರಬ್ಬರಿನ ತುಂಡು

ಎರಡನೆಯ ದಿನ ಹುಡುಗ ಉದ್ದನೆಯ ಅಳಿಸುವ ರಬ್ಬರೊಂದನ್ನು ತಂದು, ಅದರ ಪಕ್ಕದ ಮೇಲೆ ಲೇಖನಿಯಿಂದ ಸಮಾನ ದೂರದಲ್ಲಿ ನಿಲುವು ಗೆರೆಗಳನ್ನು ಎಳೆದನು. ಎರಡು ಪುಸ್ತಕಗಳ ಮೇಲೆ ಅದರ ಎರಡು ತುದಿಗಳನ್ನಿಟ್ಟು ನಡುವೆ ಬೆರಳಿನಿಂದ ಒತ್ತಿದನು. ಕೆಳಗಡೆ ಗೆರೆಗಳು ಒಂದರಿಂದೊಂದು ದೂರ ಸರಿದವು. ಮೇಲ್ಗಡೆ ಹತ್ತಿರ ಬಂದವು. "ಮಾವ, ತೊಲೆ ಬಾಗಿದಾಗ ಕೆಳಮೈಗೆ ಎಳೆತ, ಮೇಲ್ಮೈಗೆ ಒತ್ತು. ನಡುವೆ ಎಳೆತವೂ ಇಲ್ಲದ, ಒತ್ತೂ ಇಲ್ಲದ ಒಂದು ಪದರವಿದೆ. ಅದು ತಟಸ್ಥ ಪದರ" ಎಂದನು.

ತಟಸ್ಥ ಪದರದಿಂದ ದೂರ ಹೋದಷ್ಟೂ ಎಳೆತ, ಒತ್ತುಗಳು ಹೆಚ್ಚು. ದೂರದಲ್ಲಿರುವ ಪದಾರ್ಥವೇ ಹೆಚ್ಚು ದುಡಿಯುತ್ತದೆ. ಆದುದರಿಂದಲೇ ಎರಡಂಗುಲ ದಪ್ಪ, ಆರಂಗುಲ ಅಗಲದ ಹಲಗೆಯನ್ನು ಮಲಗಿಸಿ ಇಡುವುದಕ್ಕಿಂತ ಅಂಚಿನ ಮೇಲೆ ನಿಲ್ಲಿಸಿದರೆ ಅದು ಮೂರರಷ್ಟು ಭಾರವನ್ನು ಹೊರಬಲ್ಲದು. ಅದೇ ಭಾರಕ್ಕೆ ಒಂಬತ್ತರಲ್ಲಿ ಒಂದು ಪಾಲು ಮಾತ್ರ ಬಾಗುತ್ತದೆ. ಮರ ಅದೇ, ತೂಕ ಅದೇ. ಇಟ್ಟ ರೀತಿಯೊಂದೇ ಬೇರೆ. ನಮ್ಮ ಹಿಂದಿನ ಬಡಗಿಗಳು ಜಂತೆಗಳನ್ನು ಏಕೆ ಹಾಗೆ ನಿಲ್ಲಿಸಿ ಜೋಡಿಸುತ್ತಿದ್ದರೆಂಬುದು ಆಗ ತಿಳಿಯಿತು. ದೇವಾಲಯಗಳ ಮಂಟಪಗಳಲ್ಲಿ ಕಂಬಗಳು ಅಷ್ಟು ಹತ್ತಿರ ಹತ್ತಿರ ಇರುವ ಗುಟ್ಟೂ ಇದೇ. ಕಲ್ಲು ಒತ್ತನ್ನು ಬಹಳ ತಡೆಯುತ್ತದೆ, ಎಳೆತವನ್ನು ತಡೆಯಲಾರದು. ಕಲ್ಲಿನ ತೊಲೆ ಉದ್ದವಾದಷ್ಟೂ ಅದರ ಕೆಳಮೈ ಬಿರಿಯುವ ಭಯ ಹೆಚ್ಚು.

ಗೆಲಿಲಿಯೋ ಹೇಳಿದ ಕಂಬದ ಕಥೆ

ಎಳೆತ ಯಾವಾಗಲೂ ಕೆಳಗಡೆಯೇ ಬೀಳುವುದೆಂದು ನಾನು ತೀರ್ಮಾನಿಸುವಷ್ಟರಲ್ಲಿ ಹುಡುಗ ಒಂದು ಹಳೆಯ ಕಥೆಯನ್ನು ಹೇಳಿದನು. ಗೃಹಬಂಧನದಲ್ಲಿದ್ದ ಮುದಿ ಗೆಲಿಲಿಯೋ ಈ ಶಾಸ್ತ್ರಕ್ಕೆ ತಳಹದಿ ಹಾಕಿದ ಗ್ರಂಥವೊಂದನ್ನು ಬರೆದನು. ಅದು 1638ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಅಚ್ಚಾಯಿತು. ಅದರಲ್ಲಿ ಬರುವ ಕಥೆಯಿದು. ಉದ್ದನೆಯ ಅಮೃತಶಿಲೆಯ ಕಂಬವೊಂದನ್ನು ಎರಡು ತುದಿಗಳಲ್ಲಿ ಮರದ ದಿಮ್ಮಿಗಳನ್ನಿಟ್ಟು ಮಲಗಿಸಿದ್ದರು. ತನ್ನ ಭಾರಕ್ಕೆ ತಾನೇ ನಡುವೆ ಮುರಿದೀತೆಂದು ಕೆಲಸಗಾರನೊಬ್ಬ ಮಧ್ಯದಲ್ಲಿ ಮೂರನೆಯ ಆಸರೆಯನ್ನಿಡಿಸಿದನು. ಎಲ್ಲರೂ ಮೆಚ್ಚಿದರು. ಕೆಲವು ತಿಂಗಳಲ್ಲಿ ಕಂಬ ಮುರಿದಿತ್ತು, ಅದೂ ಸರಿಯಾಗಿ ಆ ಹೊಸ ಆಸರೆಯ ಮೇಲೆಯೇ!

ಕಾರಣವಿಷ್ಟೆ. ತುದಿಯ ಒಂದು ದಿಮ್ಮಿ ಕೊಳೆತು ಕುಸಿದಿತ್ತು. ನಡುವಿನ ಆಸರೆ ಮಾತ್ರ ಗಟ್ಟಿಯಾಗಿ ಉಳಿದಿತ್ತು. ಕಂಬದ ಅರ್ಧಭಾಗ ಆಧಾರವಿಲ್ಲದೆ ಗಾಳಿಯಲ್ಲಿ ಚಾಚಿಕೊಂಡಿತು. ಎರಡು ತುದಿಗಳ ಮೇಲೆ ಮಲಗಿದ್ದಾಗ ಕೆಳಮೈಗಿದ್ದ ಎಳೆತ ಈಗ ನಡುವಿನ ಆಸರೆಯ ನೆತ್ತಿಯಲ್ಲಿ ಮೇಲ್ಮೈಗೆ ಬಂದಿತು. ಕಲ್ಲು ಮೇಲಿನಿಂದ ಬಿರಿಯಿತು.

ಇಷ್ಟನ್ನು ಕಂಡ ಗೆಲಿಲಿಯೋ ಲೆಕ್ಕದಲ್ಲಿ ಮಾತ್ರ ಎಡವಿದನು. ಗೋಡೆಯಿಂದ ಚಾಚಿದ ತೊಲೆಯಲ್ಲಿ ಕಡಿತದ ಮುಖಕ್ಕೆಲ್ಲ ಎಳೆತವೇ ಬೀಳುತ್ತದೆಂದು ಭಾವಿಸಿದನು. ಅರ್ಧಕ್ಕೆ ಎಳೆತ, ಅರ್ಧಕ್ಕೆ ಒತ್ತು ಎಂಬುದನ್ನು ಫ್ರಾನ್ಸಿನ ಕೂಲಂಬ್ 1773ರಲ್ಲಿ ಸರಿಯಾದ ಲೆಕ್ಕದಿಂದ ತೋರಿಸುವ ಹೊತ್ತಿಗೆ 135 ವರ್ಷಗಳು ಕಳೆದಿದ್ದವು. ಇದನ್ನು ಕೇಳಿ, "ಹಾಗಾದರೆ ನೀನು ಒಂದು ಸಲ ನಪಾಸಾದುದು ಅಂಥ ಅಪರಾಧವಲ್ಲ" ಎಂದೆನು. ಬಂದ ಮೇಲೆ ಹುಡುಗ ನಕ್ಕುದು ಅಂದೇ ಮೊದಲು.

ಕಾಂಕ್ರೀಟು ಕಲ್ಲಿನ ಜಾತಿಯದೇ. ಒತ್ತನ್ನು ತಡೆಯುವ ಶಕ್ತಿಯ ಸುಮಾರು ಹತ್ತರಲ್ಲೊಂದು ಪಾಲಿನಷ್ಟು ಮಾತ್ರ ಎಳೆತವನ್ನು ತಡೆಯಬಲ್ಲದು. ಆ ಕೊರತೆಯನ್ನು ತುಂಬಲು ಉಕ್ಕು ಬೇಕು. ಬಿಸಿಲಿಗೆ ಎರಡೂ ಹೆಚ್ಚುಕಡಿಮೆ ಒಂದೇ ಸಮನಾಗಿ ಹಿಗ್ಗುವುದರಿಂದ ಈ ದಾಂಪತ್ಯ ಮುರಿಯುವುದಿಲ್ಲ. ಫ್ರಾನ್ಸಿನ ತೋಟಗಾರ ಜೋಸೆಫ್ ಮೋನಿಯೇ 1867ರಲ್ಲಿ ಕಬ್ಬಿಣದ ಜಾಲವಿಟ್ಟ ಸಿಮೆಂಟಿನ ಹೂಕುಂಡಗಳಿಗೆ ಹಕ್ಕುಪತ್ರ ಪಡೆದನು. ಎಳೆತ ಬೀಳುವ ಕಡೆಗೇ ಕಬ್ಬಿಣವನ್ನು ಇಡಬೇಕೆಂದು ಜರ್ಮನಿಯ ಎಂಜಿನಿಯರ್ ಮಥಿಯಾಸ್ ಕೊನೆನ್ 1886ರಲ್ಲಿ ಲೆಕ್ಕಸಹಿತ ಬರೆದನು. ಎಷ್ಟು ಕಂಬಿ ಎಂಬುದರಷ್ಟೇ ಎಲ್ಲಿ ಕಂಬಿ ಎಂಬುದೂ ಮುಖ್ಯವಾಯಿತು.

ಭಾವನವರ ಬಾಲ್ಕನಿ

ರಜೆ ಮುಗಿಯುವ ಮುನ್ನಾದಿನ ಅಕ್ಕನ ಮನೆಯ ತಾರಸಿಗೆ ಕಾಂಕ್ರೀಟು ಹಾಕುವವರಿದ್ದರು. ಬೆಳಗ್ಗೆ ನಾವಿಬ್ಬರೂ ಹೋದೆವು. ಕಲಸುವ ಯಂತ್ರ ತಿರುಗಲು ಸಿದ್ಧವಾಗಿತ್ತು. ಹುಡುಗ ಏಣಿ ಹತ್ತಿ ಮುಂದಿನ ಬಾಲ್ಕನಿಯ ಬಳಿ ಕುಳಿತು ನೋಡಿ, "ಮೇಸ್ತ್ರಿಗಳೇ, ಸ್ವಲ್ಪ ತಡೆಯಿರಿ" ಎಂದು ಕೂಗಿದನು.

ಗೋಡೆಯಿಂದ ನಾಲ್ಕು ಅಡಿ ಮುಂದಕ್ಕೆ ಚಾಚುವ ಬಾಲ್ಕನಿಯದು. ಅದರ ಹೊರತುದಿಗೆ ಆಸರೆಯಿಲ್ಲ. ಗೆಲಿಲಿಯೋನ ಕಂಬದಂತೆ ಅದಕ್ಕೂ ಎಳೆತ ಮೇಲ್ಗಡೆಯೇ. ಕಂಬಿಗಳನ್ನು ಮೇಲ್ಗಡೆಯೇ ಕಟ್ಟಿದ್ದರು, ನಿಜ. ಆದರೆ ಆಳುಗಳು ಮುಂಜಾನೆಯಿಂದ ಅವುಗಳ ಮೇಲೆ ಓಡಾಡಿ, ಕಂಬಿಗಳೆಲ್ಲ ತುಳಿತಕ್ಕೆ ಬಾಗಿ ತಳದ ಹಲಗೆಯನ್ನು ಮುಟ್ಟಿದ್ದವು.

ಭಾವನವರಿಗೆ ಸಿಟ್ಟು ಬಂದಿತು. "ಪರೀಕ್ಷೆಯಲ್ಲಿ ಪಾಸಾಗದವನು ಮೂವತ್ತು ವರ್ಷ ಕೆಲಸ ಮಾಡಿದವರಿಗೆ ಪಾಠ ಹೇಳುತ್ತೀಯೋ? ಒಂದೊಂದು ಗಂಟೆಗೂ ಆಳಿನ ಕೂಲಿ ಯಾರು ಕೊಡುತ್ತಾರೆ?" ಎಂದರು. ಹುಡುಗನ ಮುಖ ಕೆಂಪಾಯಿತು. ಆದರೆ ಆತ ಕೆಳಗಿಳಿಯಲಿಲ್ಲ. ಜೇಬಿನಿಂದ ಗೆರೆ ಎಳೆದ ಆ ರಬ್ಬರನ್ನೇ ತೆಗೆದು, ಒಂದು ತುದಿಯನ್ನು ಇಟ್ಟಿಗೆಯಡಿ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಬೆರಳಿನಿಂದ ಕೆಳಕ್ಕೆ ಬಾಗಿಸಿದನು. ಮೇಲಿನ ಗೆರೆಗಳು ದೂರ ಸರಿದವು. "ಅಪ್ಪ, ಬಿರುಕು ಬಿಡುವುದು ಇಲ್ಲಿ. ಕಂಬಿ ಬಿದ್ದಿರುವುದು ಅಲ್ಲಿ. ಹೀಗೆಯೇ ಕಾಂಕ್ರೀಟು ಹಾಕಿದರೆ ಎಚ್ಚರಿಕೆ ಕೊಡುವುದಕ್ಕೂ ಉಕ್ಕು ಜಾಗದಲ್ಲಿರುವುದಿಲ್ಲ. ಅಮ್ಮ ನಿಲ್ಲುವ ಜಾಗ ಇದು" ಎಂದನು.

ಮೇಸ್ತ್ರಿಗಳು ಏಣಿ ಹತ್ತಿ ಬಗ್ಗಿ ನೋಡಿದರು. "ಚಿಕ್ಕ ಯಜಮಾನರು ಹೇಳುವುದು ಸರಿ ಸ್ವಾಮಿ. ಕಟ್ಟಿದ್ದು ಮೇಲೆಯೇ, ಹುಡುಗರು ತುಳಿದುಬಿಟ್ಟಿದ್ದಾರೆ. ನಾನೇ ಇನ್ನೊಮ್ಮೆ ನೋಡಬೇಕಿತ್ತು" ಎಂದರು. ಕಂಬಿಯ ತುಂಡುಗಳನ್ನು ಬಗ್ಗಿಸಿ ಕುರ್ಚಿಯಂಥ ಕಾಲುಗಳನ್ನು ಮಾಡಿಸಿ, ಮೇಲಿನ ಕಂಬಿಗಳನ್ನು ಅವುಗಳ ಮೇಲೆ ಎತ್ತಿ ನಿಲ್ಲಿಸಿದರು. ಆಳುಗಳ ಓಡಾಟಕ್ಕೆ ಹಲಗೆ ಹಾಕಿಸಿದರು. ಎರಡು ಗಂಟೆ ತಡವಾಯಿತು. ಭಾವನವರು ಮಾತನಾಡಲಿಲ್ಲ, ಎಲ್ಲರಿಗೂ ಕಾಫಿ ತರಿಸಿದರು. ಮೊದಲ ಲೋಟವನ್ನು ಮಗನ ಕೈಗೆ ತಾವೇ ಕೊಟ್ಟರು.

ಹುಡುಗ ಮುಂದಿನ ಪರೀಕ್ಷೆಯಲ್ಲಿ ಆ ವಿಷಯದಲ್ಲಿ ತೇರ್ಗಡೆಯಾದನು. ಈಗ ಆ ಬಾಲ್ಕನಿಯಲ್ಲಿ ಅಕ್ಕ ಬೇಸಿಗೆಯಲ್ಲಿ ಸಂಡಿಗೆ ಒಣಗಿಸುತ್ತಾಳೆ. ಸಂಜೆ ಭಾವನವರು ಕುರ್ಚಿ ಹಾಕಿ ಕುಳಿತು ಪತ್ರಿಕೆ ಓದುತ್ತಾರೆ. ಕಾಂಕ್ರೀಟಿನೊಳಗೆ ಮುಚ್ಚಿಹೋದ ಕಂಬಿ ಯಾರ ಕಣ್ಣಿಗೂ ಕಾಣದು. ಮನೆ ಕಟ್ಟಿಸುವ ವಾಚಕರಲ್ಲಿ ನನ್ನ ವಿನಂತಿಯೊಂದಿದೆ. ಕಾಂಕ್ರೀಟು ಬೀಳುವುದಕ್ಕೆ ಮೊದಲು ಎಂಜಿನಿಯರರನ್ನು ಕರೆಸಿರಿ. ಮುಂದಕ್ಕೆ ಚಾಚಿದ ಪ್ರತಿಯೊಂದು ಸಜ್ಜ, ಬಾಲ್ಕನಿಗಳ ಮುಂದೆ ನಿಂತು ಒಂದೇ ಪ್ರಶ್ನೆಯನ್ನು ಕೇಳಿರಿ: ಇಲ್ಲಿ ಎಳೆತ ಯಾವ ಕಡೆಗೆ, ಕಂಬಿ ಯಾವ ಕಡೆಗೆ?